ಡೆವನ್‌ಗೋ, ಕಾರ್ನ್‌ವಾಲ್‌ಗೋ? ಟೇಮರ್ ಹೊಳೆಯ ಎರಡು ದಡಗಳ ಲೆಕ್ಕ

ಕಾರ್ನ್‌ವಾಲ್ ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಹೊರಗೆ ಬರಲು ಕೊಡಬೇಕು. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಕಾರ್ನ್‌ವಾಲ್, ಅದರ ಪಕ್ಕದ ಡೆವನ್ ಎರಡೂ ಇಂಗ್ಲೆಂಡಿನ ನೈಋತ್ಯ ಮೂಲೆಯ ಕೌಂಟಿಗಳು, ನಮ್ಮಲ್ಲಿ ಜಿಲ್ಲೆ ಇದ್ದ ಹಾಗೆ. ಪ್ಲಿಮತ್ ಊರಿನ ಪಕ್ಕದಲ್ಲಿ ಟೇಮರ್ ಹೊಳೆಗೆ 1961ರಲ್ಲಿ ಕಟ್ಟಿದ ರಸ್ತೆ ಸೇತುವೆ ಇದೆ. ಡೆವನ್‌ನಿಂದ ಕಾರ್ನ್‌ವಾಲ್ ಕಡೆಗೆ ಹೋಗುವ ಗಾಡಿಗೆ ಟೋಲ್ ಇಲ್ಲ, ವಾಪಸ್ ಬರುವ ಗಾಡಿಗೆ ಇದೆ. ಇಲ್ಲಿಗೆ ಬಂದವರಿಗೆ ಹೊರಡಲು ಮನಸ್ಸಾಗುವುದಿಲ್ಲ, ಅದಕ್ಕೇ ಹೀಗೆ ಎಂದು ಕಾರ್ನ್‌ವಾಲ್‌ನವರು ನಗುತ್ತಾರೆ. ಅಲ್ಲಿಂದ ತಪ್ಪಿಸಿಕೊಂಡು ಬರಲು ಎಷ್ಟು ಕೊಟ್ಟರೂ ಕಡಿಮೆಯೇ ಎಂದು ಡೆವನ್‌ನವರು ನಗುತ್ತಾರೆ.

ಬೇಸಿಗೆ ರಜೆ ಹತ್ತಿರ ಬಂತೆಂದರೆ ಲಂಡನ್, ರೆಡಿಂಗ್, ಬ್ರಿಸ್ಟಲ್ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಈ ಎರಡು ಹೆಸರು ಒಟ್ಟಿಗೇ ಕೇಳಿಬರುತ್ತವೆ. "ಡೆವನ್ ಕಾರ್ನ್‌ವಾಲ್ ಹೋಗಿ ಬರೋಣ" ಅಂತ, ಎರಡೂ ಒಂದೇ ಊರಿನ ಎರಡು ಬಡಾವಣೆ ಇದ್ದ ಹಾಗೆ. ಮೂರು ದಿನದಲ್ಲಿ ಎರಡನ್ನೂ ಮುಗಿಸಿ ಬಂದೆವು ಎನ್ನುವವರನ್ನೂ ನೋಡಿದ್ದೇನೆ. ಅವರು ಜಾಸ್ತಿ ನೋಡಿದ್ದು ಮುಂದಿನ ಕಾರಿನ ಹಿಂಬದಿ. ನಾನು ಮೊದಲ ಸಲ ಮಾಡಿದ್ದೂ ಅದನ್ನೇ. ಆಮೇಲೆ ಬೇರೆ ಬೇರೆಯಾಗಿ, ಬೇರೆ ಬೇರೆ ಕಾಲದಲ್ಲಿ ಹೋಗಿ ಬಂದ ಮೇಲೆ ಎರಡರ ಸ್ವಭಾವವೇ ಬೇರೆ ಅಂತ ಗೊತ್ತಾಯಿತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಹೋಗುವವರು, ಅಪ್ಪ ಅಮ್ಮನನ್ನು ಅಥವಾ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು, ನಾಲ್ಕು ದಿನಕ್ಕಿಂತ ಕಡಿಮೆ ರಜೆ ಇರುವವರು ಡೆವನ್‌ಗೆ ಹೋಗಿ. ಒಂದು ವಾರ ಕೈಯಲ್ಲಿದ್ದರೆ, ಇಂಗ್ಲೆಂಡಿನ ಒಳಗೇ ಇನ್ನೊಂದು ದೇಶ ನೋಡಿದ ಹಾಗೆ ಆಗಬೇಕು ಅನ್ನಿಸಿದರೆ, ಕಾರ್ನ್‌ವಾಲ್. ಕೋಲಾರ ಚಿನ್ನದ ಗಣಿಯ ನಂಟು ಇರುವ ಮನೆಯವರಾದರೆ ಯೋಚನೆಯೇ ಬೇಡ, ಕಾರ್ನ್‌ವಾಲ್. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ನೆಲ ಮತ್ತು ಕಡಲು

ಇಂಗ್ಲೆಂಡಿನ ನಕ್ಷೆಯನ್ನು ನೋಡಿದರೆ ಕೆಳಗಡೆ ಎಡಕ್ಕೆ ಒಂದು ಕಾಲು ಅಟ್ಲಾಂಟಿಕ್ ಕಡಲಿಗೆ ಚಾಚಿಕೊಂಡಿದೆ. ಆ ಕಾಲಿನ ತೊಡೆ ಡೆವನ್, ಪಾದ ಕಾರ್ನ್‌ವಾಲ್. ನಡುವೆ ಟೇಮರ್ ಹೊಳೆ. ಇದು ಉತ್ತರದ ಕಡಲಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಹುಟ್ಟುತ್ತದೆ. ಆದರೆ ಅತ್ತ ಇಳಿಯದೆ, ಪೂರ್ತಿ ದಕ್ಷಿಣಕ್ಕೆ ಹರಿದು ಪ್ಲಿಮತ್‌ನಲ್ಲಿ ಸಮುದ್ರ ಸೇರುತ್ತದೆ. ಇನ್ನೊಂದಿಷ್ಟು ದೂರ ಉತ್ತರಕ್ಕೆ ಹೊಳೆ ಇದ್ದಿದ್ದರೆ ಕಾರ್ನ್‌ವಾಲ್ ದ್ವೀಪವೇ ಆಗುತ್ತಿತ್ತು. 936ರಲ್ಲಿ ರಾಜ ಅಥೆಲ್‌ಸ್ಟನ್ ಈ ಹೊಳೆಯನ್ನೇ ಇಂಗ್ಲಿಷರಿಗೂ ಕಾರ್ನಿಷ್ ಜನಕ್ಕೂ ಗಡಿ ಎಂದು ಗೊತ್ತುಮಾಡಿದ ಎನ್ನುತ್ತಾರೆ. ಹತ್ತಿರಹತ್ತಿರ ಸಾವಿರದ ನೂರು ವರ್ಷವಾದರೂ ಗಡಿ ಹೆಚ್ಚುಕಡಿಮೆ ಅಲ್ಲೇ ಇದೆ.

ಡೆವನ್ ದೊಡ್ಡದು. ಸುಮಾರು 6,700 ಚದರ ಕಿಲೋಮೀಟರ್, ವಿಸ್ತಾರದಲ್ಲಿ ಇಂಗ್ಲೆಂಡಿನ ನಾಲ್ಕನೇ ಕೌಂಟಿ. ಕಾರ್ನ್‌ವಾಲ್ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು 3,560. ಜನಸಂಖ್ಯೆಯ ಲೆಕ್ಕವೂ ಹಾಗೆಯೇ: ಪ್ಲಿಮತ್ ಸೇರಿಸಿಕೊಂಡು ಡೆವನ್‌ನಲ್ಲಿ ಸುಮಾರು 12 ಲಕ್ಷ, ಕಾರ್ನ್‌ವಾಲ್‌ನಲ್ಲಿ 2021ರ ಜನಗಣತಿಯ ಪ್ರಕಾರ 5.7 ಲಕ್ಷ.

ಡೆವನ್‌ಗೆ ಎರಡು ಬೇರೆ ಬೇರೆ ಕರಾವಳಿಗಳಿವೆ, ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ನೆಲದ ಮೇಲೇ ಹೋಗಬೇಕು. ಉತ್ತರದ ಕಡಲು ಒರಟು. ಕ್ರಾಯ್ಡ್, ಸಾಂಟನ್ ಕಡೆ ಸರ್ಫಿಂಗ್ ಹುಚ್ಚಿನವರು ಸೇರುತ್ತಾರೆ. ದಕ್ಷಿಣದ್ದು ಸೌಮ್ಯ. ಟಾರ್ಕೀ ಸುತ್ತಲಿನ ಕೊಲ್ಲಿಗೆ ಇಂಗ್ಲಿಷ್ ರಿವಿಯೆರಾ ಅಂತ ಹೆಸರಿಟ್ಟು, ರಸ್ತೆ ಪಕ್ಕ ತಾಳೆಯ ಹಾಗೆ ಕಾಣುವ ಗಿಡ ನೆಟ್ಟಿದ್ದಾರೆ. ಅದು ತಾಳೆ ಅಲ್ಲ, ನ್ಯೂಜಿಲೆಂಡಿನಿಂದ ತಂದ ಬೇರೆಯೇ ಗಿಡ. ಪತ್ತೇದಾರಿ ಕತೆಗಳ ಅಗಾಥಾ ಕ್ರಿಸ್ಟಿ 1890ರಲ್ಲಿ ಹುಟ್ಟಿದ್ದು ಈ ಊರಲ್ಲೇ. ಪೂರ್ವಕ್ಕೆ ಹೋದಂತೆ ಮಣ್ಣು ಕೆಂಪಾಗುತ್ತದೆ. ಡಾಲಿಶ್, ಎಕ್ಸ್‌ಮತ್ ಹತ್ತಿರ ಕಡಲ ಬಂಡೆಗಳೇ ಕೆಮ್ಮಣ್ಣಿನ ಬಣ್ಣ. ಎಕ್ಸ್‌ಮತ್‌ನಿಂದ ಡಾರ್ಸೆಟ್ ಕಡೆಗೆ ಸುಮಾರು 155 ಕಿಲೋಮೀಟರ್ ಉದ್ದದ ಜುರಾಸಿಕ್ ಕರಾವಳಿ ಶುರುವಾಗುತ್ತದೆ. ಅದು 2001ರಿಂದ ವಿಶ್ವ ಪರಂಪರೆ ತಾಣ. ಭೂವಿಜ್ಞಾನದಲ್ಲಿ ಡೆವೋನಿಯನ್ ಯುಗ ಅಂತ ಓದಿರುತ್ತೀರಲ್ಲ, ಆ ಹೆಸರು ಬಂದದ್ದು ಈ ಕೌಂಟಿಯ ಕಲ್ಲುಗಳಿಂದಲೇ, 1839ರಲ್ಲಿ.

ಆದರೆ ಡೆವನ್ ಅಂದರೆ ನನಗೆ ಕಡಲಲ್ಲ, ಡಾರ್ಟ್‌ಮೂರ್. ಕೌಂಟಿಯ ದಕ್ಷಿಣ ಭಾಗದಲ್ಲಿ 954 ಚದರ ಕಿಲೋಮೀಟರಿನ ಬೋಳು ಎತ್ತರದ ನೆಲ. 1951ರಿಂದ ರಾಷ್ಟ್ರೀಯ ಉದ್ಯಾನ. ಗುಡ್ಡದ ನೆತ್ತಿಯಲ್ಲಿ ಯಾರೋ ಜೋಡಿಸಿಟ್ಟ ಹಾಗೆ ಗ್ರಾನೈಟ್ ಬಂಡೆಗಳು. ಅವನ್ನು ಟಾರ್ ಎನ್ನುತ್ತಾರೆ. ಹೈ ವಿಲ್‌ಹೇಸ್ ಅನ್ನುವ ತುದಿ 621 ಮೀಟರ್. ದಕ್ಷಿಣ ಇಂಗ್ಲೆಂಡಿನಲ್ಲಿ ಅದಕ್ಕಿಂತ ಎತ್ತರ ಇಲ್ಲ. ಕುದ್ರೆಮುಖ, ಮುಳ್ಳಯ್ಯನಗಿರಿ ಹತ್ತಿದವರಿಗೆ 621 ಮೀಟರ್ ನಗು ತರಿಸಬಹುದು. ಮಂಜು ಇಳಿದ ಮೇಲೆ ಅಲ್ಲಿ ನಿಂತು ನೋಡಿ, ನಗು ನಿಲ್ಲುತ್ತದೆ. ಹತ್ತು ಮಾರು ಆಚೆ ಏನೂ ಕಾಣುವುದಿಲ್ಲ, ಎಲ್ಲಾ ಕಡೆ ಒಂದೇ ಥರದ ಹುಲ್ಲು, ಕಾಲಿನ ಕೆಳಗೆ ಜೌಗು. ಮೇಯುವ ಚಿಕ್ಕ ಕುದುರೆಗಳು ಹತ್ತಿರ ಬರುತ್ತವೆ, ತಿನ್ನಲು ಕೊಡಬೇಡಿ. ಉತ್ತರ ಭಾಗದಲ್ಲಿ ಸೇನೆ ಗುಂಡು ಹಾರಿಸುವ ಅಭ್ಯಾಸ ಮಾಡುತ್ತದೆ. ಕೆಂಪು ಬಾವುಟ ಏರಿಸಿದ್ದರೆ ಅತ್ತ ಹೋಗಲೇಬಾರದು.

ಡಾರ್ಟ್‌ಮೂರ್‌ಗೆ ಇನ್ನೊಂದು ವಿಶೇಷ ಇದೆ. ಇಲ್ಲಿನ ಸಾಮಾನ್ಯ ಹುಲ್ಲುಗಾವಲಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಟೆಂಟ್ ಹಾಕಿ ಮಲಗಬಹುದು. ಇಂಗ್ಲೆಂಡಿನಲ್ಲಿ ಬೇರೆಲ್ಲೂ ಸಾಮಾನ್ಯ ಜನಕ್ಕೆ ಹೀಗೆ ಸಲೀಸಾಗಿ ಸಿಗದ ಹಕ್ಕು ಇದು. ಜಮೀನಿನ ಮಾಲೀಕರೊಬ್ಬರು ಕೋರ್ಟಿಗೆ ಹೋದರು, ಕೆಳಗಿನ ಕೋರ್ಟಿನಲ್ಲಿ ಗೆದ್ದರು, ಕೊನೆಗೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜನರ ಪರ ತೀರ್ಪು ಕೊಟ್ಟಿತು. ಎಲ್ಲಾ ಜಾಗದಲ್ಲೂ ಅಲ್ಲ. ಎಲ್ಲಿ ಹಾಕಬಹುದು ಎನ್ನುವ ನಕ್ಷೆಯನ್ನು ಉದ್ಯಾನದವರು ಕೊಡುತ್ತಾರೆ, ನೋಡಿಕೊಂಡು ಹೋಗಿ.

ಇನ್ನು ಕಾರ್ನ್‌ವಾಲ್. ಅಲ್ಲೂ ಬಾಡ್ಮಿನ್ ಮೂರ್ ಅನ್ನುವ ಬೋಳು ಗುಡ್ಡಗಳಿವೆ, ತುದಿ 420 ಮೀಟರ್, ಆದರೆ ಅದಕ್ಕೋಸ್ಕರ ಯಾರೂ ಅಷ್ಟು ದೂರ ಹೋಗುವುದಿಲ್ಲ. ಹೋಗುವುದು ಕಡಲಿಗೆ. ಕೌಂಟಿಯ ಯಾವ ಮೂಲೆಯಲ್ಲಿ ನಿಂತರೂ ಸಮುದ್ರ 30 ಕಿಲೋಮೀಟರಿನ ಒಳಗೇ. ಉತ್ತರದ ದಡಕ್ಕೆ ಅಟ್ಲಾಂಟಿಕ್ ನೇರವಾಗಿ ಬಂದು ಬಡಿಯುತ್ತದೆ. ನ್ಯೂಕೀಯ ಫಿಸ್ಟ್ರಲ್ ಬೀಚಿನ ಅಲೆಗಳಿಗೆ ದೇಶಕ್ಕೇ ಹೆಸರು. ದಕ್ಷಿಣದಲ್ಲಿ ಹೊಳೆಬಾಯಿಗಳು, ಕಾಡು ನೀರಿಗೆ ಬಾಗಿದ ಕಡಲ ತೋಳುಗಳು, ಫ್ಯಾಲ್ಮತ್‌ನ ಆಳವಾದ ಬಂದರು. ತುದಿಗೆ ಲ್ಯಾಂಡ್ಸ್ ಎಂಡ್. ನಿಜ ಹೇಳಬೇಕೆಂದರೆ ಲ್ಯಾಂಡ್ಸ್ ಎಂಡ್ ನೋಡದಿದ್ದರೂ ನಷ್ಟ ಇಲ್ಲ. ಬಂಡೆ ಚೆನ್ನಾಗಿದೆ, ಆದರೆ ಅದರ ಪಕ್ಕ ಜಾತ್ರೆಯ ಹಾಗೆ ಅಂಗಡಿ ಕಟ್ಟಿಟ್ಟಿದ್ದಾರೆ. ಬ್ರಿಟನ್ನಿನ ಮುಖ್ಯ ನೆಲದ ದಕ್ಷಿಣ ತುದಿಯಾದ ಲಿಜರ್ಡ್‌ಗೆ ಹೋಗಿ. ಗದ್ದಲ ಕಡಿಮೆ, ಕಡಲು ಅಷ್ಟೇ ದೊಡ್ಡದು.

ಎರಡೂ ಕೌಂಟಿಗಳಲ್ಲಿ ಉಬ್ಬರ ಇಳಿತ ಜೋರು. ಪೆನ್ಜಾನ್ಸ್ ಹತ್ತಿರದ ಸೇಂಟ್ ಮೈಕಲ್ಸ್ ಮೌಂಟ್ ದ್ವೀಪಕ್ಕೆ ಇಳಿತದ ಹೊತ್ತಿಗೆ ಕಲ್ಲು ಹಾಸಿನ ಮೇಲೆ ನಡೆದು ಹೋಗಬಹುದು, ಉಬ್ಬರದಲ್ಲಿ ದೋಣಿ ಬೇಕು. ಡೆವನ್‌ನಲ್ಲೂ ಇದಕ್ಕೆ ಜೋಡಿ ಇದೆ. ಬರ್ ಐಲೆಂಡ್‌ಗೆ ನೀರು ಏರಿದಾಗ ಎತ್ತರದ ಗಾಲಿಯ ಟ್ರ್ಯಾಕ್ಟರ್ ಸಮುದ್ರದೊಳಗೇ ಹೋಗಿ ಜನರನ್ನು ದಾಟಿಸುತ್ತದೆ. ಮಕ್ಕಳಿಗೆ ಇದು ಕೋಟೆಗಿಂತ ಇಷ್ಟ. ನೀರಿಗೆ ಇಳಿಯುವವರು ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಮರಳಿನ ಮೇಲೆ ದೂರ ನಡೆಯುವ ಮೊದಲು ಆ ದಿನದ ಉಬ್ಬರದ ಹೊತ್ತು ನೋಡಿಕೊಳ್ಳಿ. ನಮ್ಮ ಮನೆಯವರೆಲ್ಲಾ ಒಮ್ಮೆ ಬಂಡೆಯ ಮೂಲೆಯೊಂದರಿಂದ ಮೊಣಕಾಲುದ್ದ ನೀರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ವಾಪಸ್ ಬಂದಿದ್ದೇವೆ. ತಪ್ಪು ನಮ್ಮದೇ.

ಸೋಮರ್‌ಸೆಟ್‌ನಿಂದ ಶುರುವಾಗಿ ಡೆವನ್‌ನ ಉತ್ತರ ದಡ, ಪೂರ್ತಿ ಕಾರ್ನ್‌ವಾಲ್, ಮತ್ತೆ ಡೆವನ್‌ನ ದಕ್ಷಿಣ ದಡ ಸುತ್ತಿ ಡಾರ್ಸೆಟ್‌ನಲ್ಲಿ ಮುಗಿಯುವ ಕಾಲುದಾರಿ 1,014 ಕಿಲೋಮೀಟರ್ ಇದೆ. ನಡೆಯುವ ಚಟ ಇದ್ದವರಿಗೆ ಎರಡೂ ಕೌಂಟಿ ಸಮಸಮ.

ದಾರಿ ಎಷ್ಟು ದೂರ

ಇಲ್ಲೇ ಡೆವನ್ ಗೆಲ್ಲುವುದು. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಎಕ್ಸಿಟರ್‌ಗೆ ರೈಲಿನಲ್ಲಿ ಎರಡರಿಂದ ಎರಡೂವರೆ ಗಂಟೆ. ಪ್ಲಿಮತ್‌ಗೆ ಮೂರು, ಮೂರೂವರೆ. ಅದೇ ರೈಲಿನಲ್ಲಿ ಪೆನ್ಜಾನ್ಸ್‌ವರೆಗೆ ಕೂತರೆ ಐದು ಗಂಟೆ ದಾಟುತ್ತದೆ. ರಾತ್ರಿ ಮಲಗಿ ಹೋಗುವ ರೈಲೂ ಇದೆ, ಪ್ಯಾಡಿಂಗ್ಟನ್‌ನಲ್ಲಿ ಹತ್ತಿದರೆ ಬೆಳಗ್ಗೆ ಪೆನ್ಜಾನ್ಸ್. ಬೆಂಗಳೂರಿನಿಂದ ಊರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳೆದವರಿಗೆ ಅದರ ಸುಖ ಬೇರೆ ಹೇಳಬೇಕಿಲ್ಲ.

ರೈಲಿನ ಹಾದಿಯೇ ಒಂದು ನೋಟ. ಡಾಲಿಶ್‌ನಲ್ಲಿ ಹಳಿ ಸಮುದ್ರದ ಗೋಡೆಯ ಮೇಲೇ ಹೋಗುತ್ತದೆ, ಅಲೆ ಕಿಟಕಿಗೆ ಸಿಡಿಯುತ್ತದೆ. 2014ರ ಫೆಬ್ರವರಿಯ ಬಿರುಗಾಳಿಗೆ ಆ ಗೋಡೆ ಕುಸಿದು, ಹಳಿ ಹಗ್ಗದ ಹಾಗೆ ಗಾಳಿಯಲ್ಲಿ ನೇತಾಡುತ್ತಿತ್ತು. ಏಪ್ರಿಲ್‌ವರೆಗೆ ಲಂಡನ್ನಿನಿಂದ ಕಾರ್ನ್‌ವಾಲ್‌ಗೆ ನೇರ ರೈಲೇ ಇರಲಿಲ್ಲ. ಮುಂದೆ ಟೇಮರ್ ಹೊಳೆ ದಾಟಿಸುವುದು ಎಂಜಿನಿಯರ್ ಬ್ರೂನೆಲ್ 1859ರಲ್ಲಿ ಮುಗಿಸಿದ ಕಬ್ಬಿಣದ ಸೇತುವೆ. ಮೇಲೆ ಹೇಳಿದ ಟೋಲ್ ಸೇತುವೆ ಅದರ ಪಕ್ಕದಲ್ಲೇ ನಿಂತಿದೆ. ಟೋಲ್ ಬೇಡ ಅನ್ನುವವರಿಗೆ ಉತ್ತರಕ್ಕೆ ಎ30 ರಸ್ತೆ ಇದೆ.

ಮೋಟರ್‌ವೇ ಎಕ್ಸಿಟರ್‌ಗೆ ಮುಗಿಯುತ್ತದೆ. ಕಾರ್ನ್‌ವಾಲ್‌ನಲ್ಲಿ ಒಂದು ಮೈಲಿ ಮೋಟರ್‌ವೇಯೂ ಇಲ್ಲ. ದೊಡ್ಡ ರಸ್ತೆ ಬಿಟ್ಟ ಕೂಡಲೇ ಎರಡೂ ಕಡೆ ಆಳೆತ್ತರದ ಮಣ್ಣಿನ ದಿಬ್ಬ, ಅದರ ಮೇಲೆ ಬೇಲಿ, ನಡುವೆ ಒಂದು ಕಾರು ಹೋಗುವಷ್ಟೇ ದಾರಿ. ಎದುರಿಗೆ ಗಾಡಿ ಬಂದರೆ ಯಾರಾದರೂ ಒಬ್ಬರು ಹಿಂದಕ್ಕೆ ಹೋಗಲೇಬೇಕು. ರಿವರ್ಸ್ ಬಾರದವರು ಈ ಕಡೆ ಕಾರು ತರಬೇಡಿ, ಅಥವಾ ತಂದು ಕಲಿಯಿರಿ.

ಆಳುವವರು ಯಾರು

ಸುಮ್ನೆ ನೋಡಲು ಹೋಗುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಆದರೆ ಪ್ಲಿಮತ್‌ನ ಡೆರಿಫರ್ಡ್ ಆಸ್ಪತ್ರೆಯಲ್ಲೋ, ಟ್ರೂರೋದ ಆಸ್ಪತ್ರೆಯಲ್ಲೋ, ಎಕ್ಸಿಟರ್‌ನಲ್ಲೋ ಕೆಲಸ ಸಿಕ್ಕಿ ಬರುವವರಿಗೆ ಇದು ಬೇಕು. ಕಸ ಎತ್ತಲಿಲ್ಲ ಅಂತ ಯಾರನ್ನು ಕೇಳಬೇಕು ಅನ್ನುವ ಪ್ರಶ್ನೆ ಮೊದಲ ವಾರದಲ್ಲೇ ಬರುತ್ತದೆ.

ಡೆವನ್ ಗೋಜಲು. ಎಕ್ಸಿಟರ್‌ನಲ್ಲಿ ಡೆವನ್ ಕೌಂಟಿ ಕೌನ್ಸಿಲ್ ಇದೆ, 60 ಸದಸ್ಯರು. ಶಾಲೆ, ರಸ್ತೆ, ಮುದುಕರ ಆರೈಕೆ ಅದರದ್ದು. ಅದರ ಕೆಳಗೆ ಎಂಟು ಜಿಲ್ಲಾ ಕೌನ್ಸಿಲ್‌ಗಳು. ಕಸ, ಮನೆ, ಕಟ್ಟಡದ ಪರವಾನಗಿ ಅವುಗಳದ್ದು. ಅದರ ಕೆಳಗೆ ಊರಿನ ಪ್ಯಾರಿಷ್ ಕೌನ್ಸಿಲ್. ಹಾಗಾಗಿ ಎಕ್ಸಿಟರ್‌ನಲ್ಲಿ ರಸ್ತೆ ಗುಂಡಿಗೆ ಒಂದು ಕಚೇರಿ, ಕಸದ ಬುಟ್ಟಿಗೆ ಇನ್ನೊಂದು. ಪ್ಲಿಮತ್ ಮತ್ತು ಟಾರ್ಕೀ ಇರುವ ಟಾರ್‌ಬೇ 1998ರಿಂದ ಕೌಂಟಿ ಕೌನ್ಸಿಲ್‌ನಿಂದ ಹೊರಗೆ, ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತವೆ. ಆದರೂ ನಕ್ಷೆಯಲ್ಲಿ ಅವು ಡೆವನ್ನೇ. ಹೀಗಾಗಿ ಡೆವನ್ ಎಂದರೆ ಯಾವ ಡೆವನ್ ಎಂದು ಕೇಳಬೇಕಾಗುತ್ತದೆ. ಎರಡು ಹಂತದ ಈ ಏರ್ಪಾಡನ್ನು ತೆಗೆದು ಎಲ್ಲಾ ಕಡೆ ಒಂದೇ ಹಂತ ಮಾಡುತ್ತೇವೆ ಎಂದು ಲಂಡನ್ನಿನ ಸರ್ಕಾರ 2024ರ ಡಿಸೆಂಬರಿನಲ್ಲಿ ಹೇಳಿದೆ. ಹಾಗಾಗಿ ನೀವು ಮನೆ ಹಿಡಿಯುವ ಹೊತ್ತಿಗೆ ಬೋರ್ಡು ಬದಲಾಗಿರಬಹುದು.

ಕಾರ್ನ್‌ವಾಲ್ ಆ ಕೆಲಸವನ್ನು ಆಗಲೇ ಮಾಡಿ ಮುಗಿಸಿತು. 2009ರ ಏಪ್ರಿಲ್ 1ರಂದು ಆರು ಜಿಲ್ಲಾ ಕೌನ್ಸಿಲ್‌ಗಳನ್ನು ರದ್ದು ಮಾಡಿ ಟ್ರೂರೋದಲ್ಲಿ ಒಂದೇ ಕಾರ್ನ್‌ವಾಲ್ ಕೌನ್ಸಿಲ್ ಆಯಿತು. ಈಗ 87 ಸದಸ್ಯರು. ಗುಂಡಿಗೂ ಕಸಕ್ಕೂ ಒಂದೇ ಫೋನ್ ನಂಬರ್. ಅನುಕೂಲ ಹೌದು, ಆದರೆ ಪೆನ್ಜಾನ್ಸ್‌ನವರಿಗೆ ಟ್ರೂರೋ ದೂರ ಅನ್ನಿಸುತ್ತದೆ. ಲ್ಯಾಂಡ್ಸ್ ಎಂಡ್‌ನಿಂದ ಸುಮಾರು 45 ಕಿಲೋಮೀಟರ್ ಆಚೆ ಕಡಲಿನಲ್ಲಿರುವ ಸಿಲಿ ದ್ವೀಪಗಳಿಗೆ ಮಾತ್ರ ತಮ್ಮದೇ ಪುಟ್ಟ ಕೌನ್ಸಿಲ್. ಜನ ವಾಸವಿರುವುದು ಐದೇ ದ್ವೀಪಗಳಲ್ಲಿ. ಪೊಲೀಸರು ಮಾತ್ರ 1967ರಿಂದ ಎರಡೂ ಕೌಂಟಿಗೆ ಒಬ್ಬರೇ.

ಇದರ ಜೊತೆ ಡಚಿ ಆಫ್ ಕಾರ್ನ್‌ವಾಲ್ ಅನ್ನುವ ಇನ್ನೊಂದು ತಲೆನೋವಿದೆ. 1337ರಲ್ಲಿ ಮೂರನೇ ಎಡ್ವರ್ಡ್ ತನ್ನ ದೊಡ್ಡ ಮಗನಿಗಾಗಿ ಮಾಡಿದ ಜಹಗೀರು. ಈಗಲೂ ಪಟ್ಟದ ರಾಜಕುಮಾರನಿಗೇ ಸೇರುತ್ತದೆ, 2022ರಿಂದ ವಿಲಿಯಂ ಅದರ ಡ್ಯೂಕ್. ಕೌಂಟಿ ಬೇರೆ, ಡಚಿ ಬೇರೆ. ತಮಾಷೆ ಏನೆಂದರೆ ಹೆಸರು ಕಾರ್ನ್‌ವಾಲ್‌ದು, ಆದರೆ ಅದರ ಜಮೀನಿನ ದೊಡ್ಡ ತುಂಡು ಇರುವುದು ಡೆವನ್‌ನ ಡಾರ್ಟ್‌ಮೂರ್‌ನಲ್ಲಿ. ಕಾರ್ನ್‌ವಾಲ್‌ನಲ್ಲಿ ಉಯಿಲು ಬರೆಯದೆ, ವಾರಸುದಾರರೂ ಇಲ್ಲದೆ ಯಾರಾದರೂ ಸತ್ತರೆ ಅವರ ಆಸ್ತಿ ಹೋಗುವುದು ಡಚಿಗೆ. ಅಲ್ಲಿ ಮನೆ ಕೊಂಡವರು ಉಯಿಲು ಬರೆದಿಡಿ ಅಂತ ಗೆಳೆಯರಿಗೆ ಹೇಳುತ್ತಿರುತ್ತೇನೆ.

ಮಾತು, ಗಣಿ, ಕೋಲಾರ

ಸೇತುವೆ ದಾಟಿದ ಕೂಡಲೇ ಬೋರ್ಡುಗಳಲ್ಲಿ ಇನ್ನೊಂದು ಭಾಷೆ ಕಾಣುತ್ತದೆ. ಕಾರ್ನ್‌ವಾಲ್‌ಗೆ ಆ ಭಾಷೆಯಲ್ಲಿ ಕೆರ್ನೋ ಎಂದು ಹೆಸರು. ಕಾರ್ನಿಷ್ ಇಂಗ್ಲಿಷಿನ ಉಪಭಾಷೆ ಅಲ್ಲ. ಅದು ವೆಲ್ಶ್, ಫ್ರಾನ್ಸಿನ ಬ್ರೆಟನ್ ಭಾಷೆಗಳ ಅಕ್ಕ ತಂಗಿ. 1549ರಲ್ಲಿ ಚರ್ಚಿನ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲೇ ಮಾಡಬೇಕು ಎಂದು ಆಜ್ಞೆ ಬಂದಾಗ ಕಾರ್ನ್‌ವಾಲ್, ಡೆವನ್ ಎರಡೂ ಕಡೆ ಜನ ದಂಗೆ ಎದ್ದರು, ಸಾವಿರಾರು ಮಂದಿ ಸತ್ತರು. ಆಮೇಲೆ ಭಾಷೆ ಪಶ್ಚಿಮಕ್ಕೆ ಹಿಮ್ಮೆಟ್ಟುತ್ತಾ ಹೋಯಿತು. ಮೌಸ್‌ಹೋಲ್ ಅನ್ನುವ ಮೀನುಗಾರರ ಹಳ್ಳಿಯ ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಮುದುಕಿ 1777ರಲ್ಲಿ ತೀರಿಕೊಂಡಳು. ತಾಯಿಮಾತಾಗಿ ಕಾರ್ನಿಷ್ ಆಡಿದ ಕೊನೆಯವಳು ಅವಳೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಅದರ ಬಗ್ಗೆ ಜಗಳವೂ ಇದೆ. ಊರಿನ ಹೆಸರು ಬರೆಯುವುದು ಮೌಸ್‌ಹೋಲ್, ಕೂಗುವುದು ಮೌಜಲ್. ಹಾಗೆಯೇ ಲಾನ್ಸೆಸ್ಟನ್ ಎಂದು ಓದಬೇಡಿ, ಲಾನ್ಸನ್ ಅನ್ನಿ.

ಭಾಷೆ ಅಲ್ಲಿಗೇ ಮುಗಿಯಲಿಲ್ಲ. 1904ರಲ್ಲಿ ಹೆನ್ರಿ ಜೆನ್ನರ್ ಎಂಬುವವರು ಹಳೆಯ ಬರಹಗಳನ್ನು ಹುಡುಕಿ ಕಲಿಕೆಯ ಪುಸ್ತಕ ತಂದರು. 2002ರಲ್ಲಿ ಸರ್ಕಾರ ಭಾಷೆಗೆ ಮಾನ್ಯತೆ ಕೊಟ್ಟಿತು, 2014ರಲ್ಲಿ ಕಾರ್ನಿಷ್ ಜನರನ್ನೇ ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಒಪ್ಪಿಕೊಂಡಿತು. ಕಲಿತು ಮಾತಾಡುವವರು ಈಗಲೂ ಬಹಳ ಕಡಿಮೆ. ಆದರೆ ಊರ ಹೆಸರುಗಳು ಮಾತ್ರ ಬಿಟ್ಟುಕೊಟ್ಟಿಲ್ಲ. ಟ್ರೆ ಎಂದರೆ ಮನೆ, ಊರು. ಪೋಲ್ ಎಂದರೆ ಕೊಳ. ಪೆನ್ ಎಂದರೆ ತಲೆ, ತುದಿ. ನಮ್ಮಲ್ಲಿ ಹಳ್ಳಿ, ಕೆರೆ, ಸಂದ್ರ ಇದ್ದ ಹಾಗೆ. ಕಾರಿನಲ್ಲಿ ಮಕ್ಕಳು ಬೋರು ಹೊಡೆಸಿಕೊಂಡರೆ ಟ್ರೆ, ಪೋಲ್, ಪೆನ್ ಎಣಿಸಲು ಹೇಳಿ.

ಕಪ್ಪಿನ ಮೇಲೆ ಬಿಳಿ ಶಿಲುಬೆಯ ಬಾವುಟ ಎಲ್ಲೆಲ್ಲೂ ಹಾರುತ್ತಿರುತ್ತದೆ. ಅದು ತವರ ತೆಗೆಯುವವರ ಸಂತ ಪಿರನ್‌ನದು, ಅವನ ಹಬ್ಬ ಮಾರ್ಚ್ 5. ಡೆವನ್‌ಗೂ ಹಸಿರು ಬಾವುಟ ಇದೆ, ಚೆನ್ನಾಗಿದೆ, ಆದರೆ ಈ ಶತಮಾನದ್ದು. ಅದನ್ನು ಕಾರಿಗೆ ಅಂಟಿಸಿಕೊಳ್ಳುವವರಿದ್ದಾರೆ. ಅದಕ್ಕಾಗಿ ಜಗಳ ಆಡುವವರನ್ನು ನಾನು ಕಂಡಿಲ್ಲ.

ಸಂತ ಪಿರನ್‌ನ ತವರವೇ ಕಾರ್ನ್‌ವಾಲ್‌ನ ನಿಜವಾದ ಕತೆ. ಡಾರ್ಟ್‌ಮೂರ್‌ನಿಂದ ಲ್ಯಾಂಡ್ಸ್ ಎಂಡ್‌ವರೆಗೆ ನೆಲದಡಿ ಒಂದೇ ಗ್ರಾನೈಟ್ ಗಡ್ಡೆ ಹಬ್ಬಿದೆ. ಅದರ ಬಿರುಕುಗಳಲ್ಲಿ ತವರ, ತಾಮ್ರ ಸೇರಿಕೊಂಡವು. ಸುರಂಗ ಆಳಕ್ಕೆ ಹೋದಂತೆ ನೀರು ತುಂಬಿತು. ನೀರು ಎತ್ತಲು ಉಗಿ ಯಂತ್ರ ಬೇಕಾಯಿತು. ಡೆವನ್‌ನ ಡಾರ್ಟ್‌ಮತ್‌ನವನಾದ ನ್ಯೂಕಮನ್ ಮೊದಲ ಯಂತ್ರ ಮಾಡಿದ್ದು, 1712ರಲ್ಲಿ. ಕಾರ್ನ್‌ವಾಲ್‌ನ ಟ್ರೆವಿಥಿಕ್ ಅದಕ್ಕೆ ಹೆಚ್ಚಿನ ಒತ್ತಡದ ಉಗಿ ತುಂಬಿ 1801ರಲ್ಲಿ ಕ್ಯಾಂಬೋರ್ನ್ ಬೀದಿಯಲ್ಲಿ ಗಾಡಿಯನ್ನೇ ಓಡಿಸಿದ. ಬೊಟಾಲಾಕ್, ಲೆವಂಟ್ ಗಣಿಗಳ ಸುರಂಗ ಕಡಲಿನ ಅಡಿಗೇ ಹೋಗಿತ್ತು. ಲೆವಂಟ್‌ನಲ್ಲಿ 1919ರಲ್ಲಿ ಆಳುಗಳನ್ನು ಮೇಲೆತ್ತುವ ಯಂತ್ರ ಮುರಿದು 31 ಮಂದಿ ಸತ್ತರು. ಬಂಡೆಯ ಅಂಚಿನಲ್ಲಿ ಚಿಮಣಿ ಹೊತ್ತು ನಿಂತ ಆ ಯಂತ್ರಮನೆಗಳ ಅವಶೇಷ ಇವತ್ತು ಎಲ್ಲರ ಫೋನಿನಲ್ಲೂ ಫೋಟೋ ಆಗಿದೆ. ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್‌ನ ಗಣಿಪ್ರದೇಶ ಒಟ್ಟಾಗಿ 2006ರಲ್ಲಿ ವಿಶ್ವ ಪರಂಪರೆ ತಾಣವಾಯಿತು.

1860ರ ದಶಕದಲ್ಲಿ ತಾಮ್ರದ ಬೆಲೆ ಬಿತ್ತು. ಗಣಿಯವರು ಹಡಗು ಹತ್ತಿದರು: ಆಸ್ಟ್ರೇಲಿಯಾ, ಮೆಕ್ಸಿಕೊ, ದಕ್ಷಿಣ ಆಫ್ರಿಕಾ. ಹೊರದೇಶದ ಗಣಿಗಳಲ್ಲಿ ಅವರಿಗೆ ಕಸಿನ್ ಜ್ಯಾಕ್ ಅಂತ ಅಡ್ಡಹೆಸರು ಬಿತ್ತು. ಅದೇ ಜ್ಯಾಕ್‌ಗಳು ನಮ್ಮ ಕೋಲಾರಕ್ಕೂ ಬಂದರು. 1880ರ ದಶಕದಿಂದ ಅಲ್ಲಿನ ಗಣಿಗಳನ್ನು ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಆ ಕಂಪನಿಯ ಮೂಲಪುರುಷ ಜಾನ್ ಟೇಲರ್ ಗಣಿ ಕೆಲಸಕ್ಕೆ ಇಳಿದದ್ದು ಡೆವನ್‌ನ ಟ್ಯಾವಿಸ್ಟಾಕ್ ಹತ್ತಿರ, ತಾಮ್ರ ಸಾಗಿಸಲು ಅಲ್ಲಿ ಕಾಲುವೆಯನ್ನೂ ತೋಡಿಸಿದ. ಆ ಕಾಲುವೆ ಇನ್ನೂ ಊರೊಳಗೆ ಹರಿಯುತ್ತಿದೆ. ಕೋಲಾರದ ಮೈಸೂರು ಮೈನ್, ಚಾಂಪಿಯನ್ ರೀಫ್‌ಗಳಲ್ಲಿ ಮೇಲ್ವಿಚಾರಣೆಗೆ ಕಾರ್ನ್‌ವಾಲ್‌ನವರು ಇದ್ದರು. ಬಿಸಿ ಸುರಂಗದಲ್ಲಿ ಬೆನ್ನು ಬಗ್ಗಿಸಿದವರು ಬಹುಪಾಲು ತಮಿಳು, ತೆಲುಗು ಸೀಮೆಯ ಬಡವರು. ಆ ಕಡೆಯ ಲೆಕ್ಕ ಕಾರ್ನ್‌ವಾಲ್‌ನ ಬೋರ್ಡುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕಾರ್ನ್‌ವಾಲ್‌ನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು, ಕೋಲಾರದ್ದು 2001ರಲ್ಲಿ. ಮೂರೇ ವರ್ಷದ ಅಂತರ. ಕೆ.ಜಿ.ಎಫ್.ನಲ್ಲಿ ಬೆಳೆದ ಗೆಳೆಯನೊಬ್ಬನ ಜೊತೆ ಗೀವರ್ ಗಣಿ ಮ್ಯೂಸಿಯಂಗೆ ಹೋಗಿದ್ದೆ. ಆಳುಗಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ತುಂಬಾ ಹೊತ್ತು ಸುಮ್ಮನೆ ನಿಂತಿದ್ದ. ಹೊರಗೆ ಬಂದು "ನಮ್ಮಪ್ಪನ ವಾಸನೆ ಕಣೋ" ಅಂದ.

ಭಾರತಕ್ಕೆ ಇನ್ನೊಂದು ಎಳೆಯೂ ಇದೆ. ಪೋರ್ತ್‌ಕರ್ನೋ ಅನ್ನುವ ಪುಟ್ಟ ಕೊಲ್ಲಿಯಿಂದ 1870ರಲ್ಲಿ ಕಡಲಿನಡಿಯ ತಂತಿ ಹೊರಟು ಬೊಂಬಾಯಿ ಮುಟ್ಟಿತು. ಅಲ್ಲಿಯ ಮ್ಯೂಸಿಯಂ ನೋಡಿ, ಮೇಲೆ ಬಂಡೆಯಲ್ಲೇ ಕೆತ್ತಿದ ಮಿನಾಕ್ ರಂಗಮಂದಿರಕ್ಕೆ ಹತ್ತಬಹುದು. ರೊವೀನಾ ಕೇಡ್ ಎಂಬ ಹೆಂಗಸು ತೋಟಗಾರರ ಜೊತೆ ಸೇರಿ ತನ್ನ ಕೈಯಾರೆ ಕಟ್ಟಿದ್ದು. ಮೊದಲ ನಾಟಕ 1932ರಲ್ಲಿ.

ಡೆವನ್‌ನ ಸಂಸ್ಕೃತಿ ಇಷ್ಟು ಕೂಗಿ ಹೇಳುವುದಿಲ್ಲ. ಅಲ್ಲಿ ರೋಮನ್ನರ ಕಾಲದ ಎಕ್ಸಿಟರ್ ಇದೆ, ಅದರ ಕಲ್ಲಿನ ಕೆಥೀಡ್ರಲ್ ಇದೆ. 1620ರಲ್ಲಿ ಮೇಫ್ಲವರ್ ಹಡಗು ಅಮೆರಿಕಕ್ಕೆ ಹೊರಟ ಪ್ಲಿಮತ್ ಇದೆ. 1941ರ ಬಾಂಬಿಗೆ ನೆಲಸಮವಾಗಿ ಮತ್ತೆ ಕಟ್ಟಿದ ಊರು ಅದು, ಹಾಗಾಗಿ ನಡುಪೇಟೆ ಚೆಂದ ಇಲ್ಲ. ಬಂದರಿನ ಹಳೆಯ ಭಾಗ ಮಾತ್ರ ನೋಡಿ. ಸಂಸತ್ತಿನಲ್ಲಿ ಕೂತ ಮೊದಲ ಹೆಂಗಸು ನ್ಯಾನ್ಸಿ ಆಸ್ಟರ್‌ಳನ್ನು 1919ರಲ್ಲಿ ಗೆಲ್ಲಿಸಿದ್ದೂ ಇದೇ ಊರು. ನನಗೆ ಇಷ್ಟವಾದದ್ದು ಟಾಟ್ನಿಸ್. ಅದರ ಪಕ್ಕದ ಡಾರ್ಟಿಂಗ್ಟನ್ ಹಾಲನ್ನು 1925ರಲ್ಲಿ ಕೊಂಡ ಲೆನಾರ್ಡ್ ಎಲ್ಮ್‌ಹರ್ಸ್ಟ್ ಅದಕ್ಕೂ ಮೊದಲು ರವೀಂದ್ರನಾಥ ಟಾಗೋರರ ಶ್ರೀನಿಕೇತನದಲ್ಲಿ ಹಳ್ಳಿಯ ಕೆಲಸ ಮಾಡಿದ್ದವರು. ಅಲ್ಲಿ ಕಲಿತದ್ದನ್ನು ಹೆಂಡತಿ ಡೊರೊತಿ ಜೊತೆ ಡೆವನ್‌ಗೆ ತಂದರು. ಇಂಗ್ಲೆಂಡಿನ ಹಳ್ಳಿಯೊಂದು ಬಂಗಾಳದ ಹಳ್ಳಿಯಿಂದ ಪಾಠ ಕಲಿತದ್ದು ಎಷ್ಟು ಕಡೆ ಉಂಟು?

ಜಾಮ್ ಮೊದಲೋ, ಕೆನೆ ಮೊದಲೋ

ಎರಡೂ ಕಡೆ ಸಂಜೆಯ ತಿಂಡಿ ಕ್ರೀಮ್ ಟೀ: ಸ್ಕೋನ್ ಅನ್ನುವ ಬನ್ನು, ಜಾಮು, ಗಟ್ಟಿ ಕೆನೆ, ಚಹಾ. ಕೆನೆ ಅಂದರೆ ನಮ್ಮ ಮನೆಯ ಹಾಲಿನ ಕೆನೆಯೇ, ಇನ್ನೂ ದಪ್ಪ, ಕಡಿಮೆ ಎಂದರೆ ನೂರಕ್ಕೆ 55 ಭಾಗ ಕೊಬ್ಬು. ಡೆವನ್‌ನಲ್ಲಿ ಮೊದಲು ಕೆನೆ ಹಚ್ಚಿ ಮೇಲೆ ಜಾಮು. ಕಾರ್ನ್‌ವಾಲ್‌ನಲ್ಲಿ ಮೊದಲು ಜಾಮು, ಮೇಲೆ ಕೆನೆ. ಇದನ್ನು ತಮಾಷೆ ಅಂದುಕೊಂಡು ಉಲ್ಟಾ ಮಾಡಿದರೆ ಪಕ್ಕದ ಮೇಜಿನ ಅಜ್ಜಿ ತಿದ್ದುತ್ತಾಳೆ. ನನ್ನ ಮತ ಡೆವನ್‌ಗೆ. ಬೆಣ್ಣೆ ಹಚ್ಚುವ ಜಾಗದಲ್ಲಿ ಕೆನೆ ಹಚ್ಚಿದರೆ ತಪ್ಪೇನು?

ಪ್ಯಾಸ್ಟಿ ವಿಷಯಕ್ಕೆ ಬಂದರೆ ಕಾರ್ನ್‌ವಾಲ್ ಮುಂದೆ ಯಾರೂ ನಿಲ್ಲುವುದಿಲ್ಲ. ದೊಡ್ಡ ಕರ್ಜಿಕಾಯಿ ಆಕಾರ, ಒಳಗೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಸ್ವೀಡ್ ಅನ್ನುವ ಗೆಡ್ಡೆ. 2011ರಿಂದ ಹೆಸರಿಗೆ ಭೌಗೋಳಿಕ ರಕ್ಷಣೆ ಇದೆ, ಕಾರ್ನ್‌ವಾಲ್‌ನಲ್ಲೇ ಮಾಡಿರಬೇಕು, ಗೋಮಾಂಸ ಇರಲೇಬೇಕು. ಹಾಗಾಗಿ ಸಸ್ಯಾಹಾರಿಗಳೇ, ಬೋರ್ಡಿನಲ್ಲಿ ಕಾರ್ನಿಷ್ ಪ್ಯಾಸ್ಟಿ ಎಂದಷ್ಟೇ ಬರೆದಿದ್ದರೆ ಅದು ನಿಮಗಲ್ಲ. ಚೀಸ್ ಮತ್ತು ಈರುಳ್ಳಿಯದು ಕೇಳಿ, ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ಸೇಂಟ್ ಐವ್ಸ್‌ನ ಬಂದರಿನಲ್ಲಿ ಕೈಯಲ್ಲಿ ಹಿಡಿದು ತಿನ್ನಬೇಡಿ, ಕಡಲಕಾಗೆ ಎರಗಿ ಕಸಿಯುತ್ತದೆ. ಸಸ್ಯಾಹಾರದ ಆಯ್ಕೆ ಜಾಸ್ತಿ ಬೇಕಾದರೆ ಟಾಟ್ನಿಸ್, ಎಕ್ಸಿಟರ್ ವಾಸಿ.

ಈಡನ್ ಪ್ರಾಜೆಕ್ಟ್ ಬಗ್ಗೆ ಒಂದು ಮಾತು. ಕಾರ್ನ್‌ವಾಲ್‌ನ ಸೇಂಟ್ ಆಸ್ಟಲ್ ಹತ್ತಿರ ಪಿಂಗಾಣಿಯ ಬಿಳಿ ಜೇಡಿ ತೆಗೆದ ಹಳ್ಳದಲ್ಲಿ 2001ರಲ್ಲಿ ತೆರೆದ, ಗುಳ್ಳೆಯಾಕಾರದ ದೊಡ್ಡ ಹಸಿರುಮನೆಗಳ ತೋಟ. ಒಳ್ಳೆಯದೇ. ಆದರೆ ಚಿಕ್ಕಮಗಳೂರಿನಿಂದ ಬಂದ ನಮ್ಮ ಅತ್ತೆ ಮಳೆಕಾಡಿನ ಗುಳ್ಳೆಯೊಳಗೆ ಬಾಳೆ, ಕಾಫಿ ಗಿಡ ನೋಡಿ, "ಇದಕ್ಕೂ ಟಿಕೆಟ್ ತಗೊಂಡ್ರಾ?" ಅಂದರು. ಊರಿನಿಂದ ಬಂದ ಹಿರಿಯರನ್ನು ಅಲ್ಲಿಗೆ ಬದಲು ಹೆಲಿಗನ್ ತೋಟಕ್ಕೆ ಕರೆದುಕೊಂಡು ಹೋಗಿ.

ಮನೆ ಮಾಡುವವರಿಗೆ

ಬಾಳಲು ಡೆವನ್. ಇದರಲ್ಲಿ ನನಗೆ ಅನುಮಾನ ಇಲ್ಲ. ಎಕ್ಸಿಟರ್‌ನಲ್ಲಿ ವಿಶ್ವವಿದ್ಯಾಲಯ, 2003ರಿಂದ ಹವಾಮಾನ ಇಲಾಖೆಯ ಮುಖ್ಯ ಕಚೇರಿ, ಆಸ್ಪತ್ರೆ, ಲಂಡನ್ ರೈಲು ಎಲ್ಲಾ ಇದೆ. ಪ್ಲಿಮತ್‌ನಲ್ಲಿ ನೌಕಾನೆಲೆ, ದೊಡ್ಡ ಆಸ್ಪತ್ರೆ. ಪೂರ್ವ ಕಾರ್ನ್‌ವಾಲ್‌ನ ಜನ ಕೂಡ ಕಾಯಿಲೆ ಬಂದರೆ ಹೊಳೆ ದಾಟಿ ಡೆರಿಫರ್ಡ್‌ಗೇ ಬರುತ್ತಾರೆ. ಕಾರ್ನ್‌ವಾಲ್‌ನಲ್ಲಿ ಕೆಲಸ ಬಹುಪಾಲು ಪ್ರವಾಸಿಗರ ಮೇಲೆ ನಿಂತಿದೆ, ಸಂಬಳ ಕಡಿಮೆ, ಮನೆ ದುಬಾರಿ. ಲಂಡನ್ನಿನವರು ಎರಡನೇ ಮನೆ ಕೊಂಡು ಚಳಿಗಾಲಪೂರ್ತಿ ಬಾಗಿಲು ಹಾಕಿರುತ್ತಾರೆ. ಸೇಂಟ್ ಐವ್ಸ್‌ನ ಜನ 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳನ್ನು ಎರಡನೇ ಮನೆಯಾಗಿ ಮಾರಬಾರದು ಎಂದು ನಿಯಮ ಮಾಡಿಕೊಂಡರು. 2025ರ ಏಪ್ರಿಲ್‌ನಿಂದ ಎರಡನೇ ಮನೆಗೆ ಕೌನ್ಸಿಲ್ ತೆರಿಗೆಯೂ ದುಪ್ಪಟ್ಟು. ರಜೆಗೆ ಮನೆ ಬಾಡಿಗೆ ಹಿಡಿಯುವ ನಾವೂ ಈ ಕತೆಯ ಪಾತ್ರಗಳೇ, ಅಲ್ವಾ?

ಕೊಳ್ಳುವುದೇ ಆದರೆ ಎರಡು ಪರೀಕ್ಷೆ ಮಾಡಿಸಿ. ಗ್ರಾನೈಟ್ ನೆಲದಿಂದ ವಿಕಿರಣ ಸೂಸುವ ರೇಡಾನ್ ಅನಿಲ ಮನೆಯೊಳಗೆ ಸೇರುತ್ತದೆ, ಎರಡೂ ಕೌಂಟಿಯಲ್ಲಿ. ಇನ್ನೊಂದು ಮುಂಡಿಕ್ ಪರೀಕ್ಷೆ. ಕಾರ್ನ್‌ವಾಲ್‌ನ ಹಳೆಯ ಮನೆಗಳಲ್ಲಿ ಗಣಿಯ ಕಸದ ಕಲ್ಲು ಹಾಕಿ ಕಾಂಕ್ರೀಟ್ ಮಾಡಿದ್ದಾರೆ, ಅದು ಕಾಲ ಕಳೆದಂತೆ ಪುಡಿಯಾಗುತ್ತದೆ. ಆ ವರದಿ ಸರಿ ಇಲ್ಲದಿದ್ದರೆ ಬ್ಯಾಂಕು ಸಾಲ ಕೊಡುವುದಿಲ್ಲ.

ಹೊರಗಿನವರಿಗೆ ಡೆವನ್‌ನಲ್ಲಿ ಗ್ರಾಕಲ್ ಅಂತಾರೆ, ಕಾರ್ನ್‌ವಾಲ್‌ನಲ್ಲಿ ಎಮೆಟ್, ಅಂದರೆ ಇರುವೆ. ಆಗಸ್ಟ್ ತಿಂಗಳಲ್ಲಿ ಸೇಂಟ್ ಐವ್ಸ್ ಬೀದಿ ನೋಡಿದರೆ ಹೆಸರು ಸರಿಯಾಗಿಯೇ ಇದೆ ಅನ್ನಿಸುತ್ತದೆ. ಕೊಳಾಯಿ ರಿಪೇರಿಯವನು "ಡ್ರೆಕ್ಲಿ" ಬರ್ತೀನಿ ಅಂದರೆ ಈಗಲೇ ಬರುತ್ತಾನೆ ಎಂದು ತಿಳಿಯಬೇಡಿ. ನಮ್ಮ "ನೋಡೋಣ" ಇದೆಯಲ್ಲ, ಅದೇ. ಅಂಗಡಿಯ ಹೆಂಗಸು ಯಾರಿಗೆ ಬೇಕಾದರೂ "ಮೈ ಲವರ್" ಅನ್ನುತ್ತಾಳೆ. ಗಾಬರಿ ಬೇಡ, "ಏನಪ್ಪಾ" ಅಂದ ಹಾಗೆ ಅಷ್ಟೆ.

ಕೊನೆಗೆ, ಎರಡರ ನಡುವೆ ಇನ್ನೂ ತೀರ್ಮಾನ ಆಗದವರಿಗೆ ನಾನು ಈಗೀಗ ಹೇಳುವುದು ಟ್ಯಾವಿಸ್ಟಾಕ್. ಡೆವನ್‌ನಲ್ಲೇ ಇದೆ. ಬೆನ್ನಿಗೆ ಡಾರ್ಟ್‌ಮೂರ್, ಕೆಲವೇ ಮೈಲಿಗೆ ಟೇಮರ್ ಹೊಳೆ, ಊರೊಳಗೆ ಜಾನ್ ಟೇಲರನ ಕಾಲುವೆ. ಜೂನ್ ಮೊದಲೆರಡು ವಾರ, ಶಾಲೆಗಳು ನಡೆಯುತ್ತಿರುವಾಗ ಬಾಡಿಗೆ ಕಡಿಮೆ, ಬೆಳಕು ರಾತ್ರಿ ಒಂಬತ್ತೂವರೆವರೆಗೆ. ನಾವು ಈ ಸಲ ಅಲ್ಲೇ ಮನೆ ಹಿಡಿದಿದ್ದೇವೆ. ಗನಿಸ್‌ಲೇಕ್‌ನ ಹಳೆಯ ಕಲ್ಲು ಸೇತುವೆ ದಾಟಿ ಕಾರ್ನ್‌ವಾಲ್‌ಗೆ ಹೋಗಿ ಬರುವುದು ಅಂತ ಯೋಚನೆ. ಅಲ್ಲಿ ಹೋಗಲೂ ಟೋಲ್ ಇಲ್ಲ, ಬರಲೂ ಇಲ್ಲ.